ಕೊಡೆ, ಚಮಚ, ಗಂಟೆ

ಅವನಿಗೆ ಮನೆಯವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ವೈದ್ಯಕೀಯ ಕಾಲೇಜಿಗೆ ಸೇರಿದ ಮೊದಲ ವರ್ಷವೇ ಅದು ಹಾಜರಿ ಕೂಗುವವರ ಬಾಯಿಗಷ್ಟೇ ಉಳಿಯಿತು. ಮಿಕ್ಕವರಿಗೆಲ್ಲ ಅವನು 'ಗೈಡು'. ಪರೀಕ್ಷೆಗೆ ಮುಂಚೆ ಅಂಗಡಿಯಲ್ಲಿ ಸಿಗುತ್ತದಲ್ಲ, ಪ್ರಶ್ನೆಯ ಕೆಳಗೇ ಉತ್ತರ ಅಚ್ಚು ಹಾಕಿದ ದಪ್ಪ ಪುಸ್ತಕ, ಆ ಗೈಡು. ಏನು ಕೇಳಿದರೂ ಅವನ ಹತ್ತಿರ ಉತ್ತರ ಸಿದ್ಧ. ಪರೀಕ್ಷೆ ಹತ್ತಿರವಾದರೆ ಹಾಸ್ಟೆಲ್ಲಿನ ಅವನ ಕೋಣೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಮಂಚದ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ನೆಲದ ಮೇಲೆ ಹುಡುಗರು. "ಮಗಾ, ಈ ಪಿತ್ತಕೋಶದ್ದು ಒಂದ್ಸಲ ಹೇಳ್ಬಿಡು." ಅವನು ಹೇಳುತ್ತಿದ್ದ. ಪರೀಕ್ಷೆ ಮುಗಿದ ಸಂಜೆ ಎಲ್ಲರೂ ಸಿನಿಮಾಕ್ಕೆ ಹೋಗುತ್ತಿದ್ದರು, ಇವನನ್ನೂ ಕರೆಯಬೇಕೆಂದು ಯಾರಿಗೂ ಹೊಳೆಯುತ್ತಿರಲಿಲ್ಲ. ಕೆಟ್ಟವರೇನಲ್ಲ ಪಾಪ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುತ್ತಾರಲ್ಲ, ಅಷ್ಟೇ.

ಮನೆಯ ಕಡೆಯೂ ಅಷ್ಟಕ್ಕಷ್ಟೇ. ಅವನು ಶಾಲೆಯಲ್ಲಿರುವಾಗಲೇ ಅಮ್ಮ ತೀರಿಹೋಗಿದ್ದಳು. ಅಪ್ಪನಿಗೆ ಭಾನುವಾರ ಮಗನಿಗೆ ಫೋನ್ ಮಾಡುವುದು ಕರೆಂಟು ಬಿಲ್ಲು ಕಟ್ಟುವಂಥ ಒಂದು ಕೆಲಸ. "ಊಟ ಆಯ್ತಾ? ಮಾರ್ಕ್ಸ್ ಬಂತಾ? ಸರಿ, ಇಡ್ಲಾ?" ಇಡ್ಲಾ ಅನ್ನುವಷ್ಟರಲ್ಲಿ ಇಟ್ಟೂ ಆಗಿರುತ್ತಿತ್ತು. ಒಂಟಿತನ ಅನ್ನುವ ದೊಡ್ಡ ಮಾತನ್ನು ಗೈಡು ತನ್ನ ಬಗ್ಗೆ ಯಾವತ್ತೂ ಆಡಿಕೊಂಡವನಲ್ಲ. ಆದರೆ ಕೋಣೆಯಲ್ಲಿ ಒಬ್ಬನೇ ಇದ್ದಾಗ ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದ, ಒಂದು ದನಿಯಾದರೂ ಕಿವಿಗೆ ಬೀಳಲಿ ಎಂದು.

ನಾಲ್ಕನೆಯ ವರ್ಷದಲ್ಲಿ ಇವರ ತಂಡಕ್ಕೆ ಮರೆವಿನ ವಾರ್ಡಿನಲ್ಲಿ ಒಂದು ತಿಂಗಳ ಸರದಿ ಬಂತು. ವಯಸ್ಸಾದ ಮೇಲೆ ನೆನಪು ಸೋರಿಹೋದವರನ್ನು ಇಟ್ಟು ನೋಡಿಕೊಳ್ಳುವ ವಾರ್ಡು ಅದು. ಹುಡುಗರು ಅದಕ್ಕೆ ಇಟ್ಟ ಹೆಸರು ಗೋಡೌನು. ಮೊದಲ ದಿನವೇ ಕಾಲೇಜಿನವರು ಒಂದು ಹಾಳೆ ಹಂಚಿ, ವಯಸ್ಸಾದವರ ಜೊತೆ ಕೆಲಸ ಮಾಡಲು ನಿಮಗೆಷ್ಟು ಇಷ್ಟ ಎಂದು ಕೇಳಿದರು. ಎಲ್ಲರೂ 'ತುಂಬಾ ಇಷ್ಟ' ಎಂಬಲ್ಲಿ ಗುರುತು ಹಾಕಿ, ಎಷ್ಟು ಹೊತ್ತಿಗೆ ಬಿಡುತ್ತಾರೆ ಎಂದು ಪಕ್ಕದವರನ್ನು ವಿಚಾರಿಸಿದರು.

"ಇಲ್ಲಿ ಕಲಿಯೋಕೇನಿದೆ ಮಗಾ?" ಎಂದ ಉದ್ದಣ್ಣ. ಹೃದಯದ ಸರ್ಜನ್ ಆಗುವವನು ಅವನು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. "ಇವರು ಗುಣ ಆಗಲ್ಲ, ನಾವು ಗುಣ ಮಾಡಲ್ಲ. ಅರವತ್ತಕ್ಕೇ ಅರಳು ಮರುಳು ಅಂತಾರೆ, ಇವರಿಗೆ ಎಂಬತ್ತಾಗಿದೆ." ತಂಡದ ಒಬ್ಬ ಹುಡುಗಿ ವಾರ್ಡಿನ ಒಳಗೇ ಬರಲಿಲ್ಲ. "ನಮ್ಮಜ್ಜಿ ಕೊನೆಕೊನೆಗೆ ನನ್ನನ್ನ ಕಳ್ಳಿ ಅಂತಿದ್ಳು. ನಂಗೆ ಇದು ಆಗಲ್ಲ ಕಣೋ," ಎಂದು ಹೊರಗಿನ ಬೆಂಚಿನ ಮೇಲೆ ಕೂತಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಮಿಕ್ಕವರು ಒಳಗೆ ಹೋದಷ್ಟೇ ಬೇಗ ಹೊರಗೆ ಬಂದರು. ವಿದ್ಯಾರ್ಥಿಗಳಿಗೆ ಒಳ್ಳೆಯ ಕೇಸು ಅಂದರೆ ಎಲ್ಲಿ ನೋವು, ಯಾವಾಗಿಂದ ನೋವು ಎಂದು ಪಟಪಟನೆ ಹೇಳುವ ಕೇಸು. ಎಲ್ಲಿ ನೋವು ಅಂದರೆ ಇವತ್ತು ಸಾಬೂನು ಎಷ್ಟು ತುಟ್ಟಿ ನೋಡು ಅನ್ನುವವರನ್ನು ಕಟ್ಟಿಕೊಂಡು ಅವರೇನು ಮಾಡಬೇಕು ಹೇಳಿ.

ಗೈಡಿನ ಪಾಲಿಗೆ ಬಂದವರು ಕಿಟಕಿಯ ಪಕ್ಕದ ಹಾಸಿಗೆಯ ಡ್ರೈವಿಂಗ್ ಮೇಷ್ಟ್ರು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವರು. ಈಗ ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿದರೆ ಅವರ ಬಲಗಾಲು ತನ್ನಷ್ಟಕ್ಕೆ ಮುಂದೆ ಹೋಗಿ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. "ಕನ್ನಡಿ ನೋಡ್ದೆ ತಿರುಗಿಸ್ತೀಯಲ್ಲಪ್ಪಾ," ಎಂದು ಆಯಾಳನ್ನು ಗದರುತ್ತಿದ್ದರು. "ಹೆದರ್ಬೇಡ. ನನ್ನ ಕಾಲ ಕೆಳಗೂ ಒಂದು ಬ್ರೇಕಿದೆ."

ಹೆಂಡತಿ ಹೋಗಿ ಬಹಳ ಕಾಲವಾಗಿತ್ತು. ಇದ್ದವಳು ಒಬ್ಬಳೇ ಮಗಳು, ಕನ್ನಡಕದ ಅಂಗಡಿಯಲ್ಲಿ ಕೆಲಸ, ಮದುವೆಯಾಗಿರಲಿಲ್ಲ. ಅವಳು ಅಂಗಡಿಗೆ ಹೋದಾಗ ಮೇಷ್ಟ್ರು ಒಂದು ದಿನ ಮನೆಯಿಂದ ಹೊರಬಿದ್ದು, ರಸ್ತೆಯಲ್ಲಿ ಯಾರದೋ ಕಾರಿನ ಪಕ್ಕದ ಸೀಟಿನಲ್ಲಿ ಹೋಗಿ ಕೂತಿದ್ದರಂತೆ. ಕಾರಿನವನು ಬಂದು ಬಾಗಿಲು ತೆಗೆದರೆ, "ಮೊದಲು ಸೀಟು ಸರಿ ಮಾಡ್ಕೋ, ಬೆಲ್ಟ್ ಹಾಕು, ಗಾಬರಿ ಬೇಡ," ಅಂದರಂತೆ. ಗಾಬರಿಯಾಗಿ ಅವನು ಪೊಲೀಸರನ್ನು ಕರೆದ. ಮಗಳು ಠಾಣೆಗೆ ಹೋದಾಗ ಮೇಷ್ಟ್ರು ಅವಳನ್ನು ನೋಡಿ, "ನಿಮ್ಮದು ನಾಳೆ ಕ್ಲಾಸು ಮೇಡಂ," ಎಂದರು. ಅದಾಗಿ ಸ್ವಲ್ಪ ದಿನಕ್ಕೆ ಜ್ವರ ಬಂದು ಆಸ್ಪತ್ರೆ ಸೇರಿದವರು ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಅಲ್ಲೇ ಉಳಿದರು. ಎಲ್ಲಿಗೆ ಕಳಿಸುವುದು ಎಂಬುದು ತೀರ್ಮಾನವಾಗಿರಲಿಲ್ಲ.

ಮರೆವನ್ನು ಅಳೆಯುವುದಕ್ಕೆ ಒಂದು ಪರೀಕ್ಷೆಯಿದೆ. ರೋಗಿಗೆ ಮೂರು ಪದ ಹೇಳಬೇಕು. ಆಮೇಲೆ ಇವತ್ತು ಯಾವ ವಾರ, ಇದು ಯಾವ ಜಾಗ, ಕಿಸೆಯ ಪೆನ್ನು ತೋರಿಸಿ ಇದೇನು, ಎಂದೆಲ್ಲ ಕೇಳಿ ಮತ್ತೆ ಆ ಮೂರು ಪದ ಯಾವುವು ಎನ್ನಬೇಕು. ನೆನಪಿದ್ದಷ್ಟಕ್ಕೆ ಅಂಕ. ಆ ವಾರ್ಡಿನಲ್ಲಿ ಪದಗಳು ಕೊಡೆ, ಚಮಚ, ಗಂಟೆ. ಯಾವ ಕಾಲದ ಯಾವ ಡಾಕ್ಟರು ಹಾಕಿಕೊಟ್ಟ ಪದಗಳೋ, ತಂಡದಿಂದ ತಂಡಕ್ಕೆ ಅವೇ ಇಳಿದು ಬಂದಿದ್ದವು.

ಗೈಡು ದಿನಾ ಈ ಪರೀಕ್ಷೆ ಮಾಡಿದ. ಬೇರೆಯವರು ಸಹಿ ಹಾಕಿ ಕ್ಯಾಂಟೀನಿಗೆ ಹೋದರೂ ಇವನು ಕೂರುತ್ತಿದ್ದ. ಇವನಿಗೇನು ವೃದ್ಧರ ಮೇಲೆ ಉಕ್ಕಿ ಬಂದ ಪ್ರೀತಿ ಅಂದುಕೊಳ್ಳಬೇಡಿ. ಕ್ಯಾಂಟೀನಿನಲ್ಲಿ ಇವನಿಗಾಗಿ ಕುರ್ಚಿ ಹಿಡಿದವರು ಯಾರೂ ಇರಲಿಲ್ಲ, ಇಲ್ಲಿ ಒಂದಿತ್ತು. ಅಲ್ಲದೆ ಮೇಷ್ಟ್ರು ಇವನು ಬಂದರೆ ಮುಖ ಅರಳಿಸಿ, "ಬಂದ್ಯಾ? ಬಾ, ಕೂತ್ಕೋ," ಎನ್ನುತ್ತಿದ್ದರು. ಯಾರು ಬಂದರೂ ಹಾಗೇ ಅನ್ನುತ್ತಿದ್ದರು ಎಂಬುದು ಅವನಿಗೂ ಗೊತ್ತಿತ್ತು. ಆದರೂ ಹಾಸ್ಟೆಲ್ಲಿನಿಂದ ಆಸ್ಪತ್ರೆಗೆ ನಡೆಯುವಾಗ ಅವನ ಹೆಜ್ಜೆ ಆ ಮಾತಿಗಾಗಿಯೇ ಬಿರುಸಾಗುತ್ತಿತ್ತು.

ಮೊದಲ ದಿನ ಮೇಷ್ಟ್ರು ಮೂರರಲ್ಲಿ ಒಂದು ಪದ ಹೇಳಿದ್ದರು. ಮುಂದಿನ ವಾರ ಎರಡು. ಅದರ ಮುಂದಿನ ವಾರ ಮೂರೂ. ಇವತ್ತು ಯಾವ ವಾರ ಅಂದರೆ ಗೋಡೆಯ ಮೇಲಿನ, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನ ಕಡೆ ಕಣ್ಣು ಹಾಯಿಸಿ ಹೇಳಿದರು. ಪೆನ್ನನ್ನು ಪೆನ್ನು ಎಂದರು. "ವೆರಿ ಗುಡ್, ಮೇಷ್ಟ್ರೇ," ಎಂದ ಗೈಡು. ಮೇಷ್ಟ್ರು ಪಾಸಾದ ಹುಡುಗನಂತೆ ನಕ್ಕರು. ಅಂಕ ಏರಿತ್ತು. ಏರುವ ಕಾಯಿಲೆಯಲ್ಲ ಅದು, ಇಳಿಯುವುದೊಂದೇ ಗೊತ್ತಿರುವ ಕಾಯಿಲೆ. ಆ ಪಾಠ ಅವನಿಗೆ ಬಾಯಿಪಾಠವಾಗಿತ್ತು. ಆದರೆ ಬಾಯಿಪಾಠ ಒಂದು ಕಡೆ, ಆಸೆ ಒಂದು ಕಡೆ. ನಾನು ದಿನಾ ಬಂದು ಕೂತಿದ್ದಕ್ಕೇ ಇವರು ಚೇತರಿಸಿಕೊಂಡರು ಎಂದು ಅವನಿಗೆ ಅನಿಸಿತು. ಯಾರಿಗಾದರೂ ತನ್ನಿಂದ, ತನ್ನ ಉತ್ತರಗಳಿಂದಲ್ಲ, ತಾನು ಪಕ್ಕದಲ್ಲಿದ್ದುದರಿಂದಲೇ ಒಳ್ಳೆಯದಾಯಿತು ಎಂಬುದು ಅವನ ಆಯುಸ್ಸಿನಲ್ಲೇ ಮೊದಲು. ಆ ದಿನ ಹಾಸ್ಟೆಲ್ಲಿನ ಮೆಸ್ಸಿನಲ್ಲಿ ಒಬ್ಬನೇ ಕೂತು ಉಂಡರೂ ಅನ್ನ ರುಚಿಸಿತು.

ಮಗಳು ಬುಧವಾರ ಸಂಜೆ ಅಂಗಡಿ ಮುಗಿಸಿ ಬಂದಳು. ಒಗೆದು ಇಸ್ತ್ರಿ ಮಾಡಿದ ಅಪ್ಪನ ಅಂಗಿಗಳನ್ನು ಹಾಸಿಗೆಯ ಪಕ್ಕದ ಗೂಡಿನಲ್ಲಿಟ್ಟು, ವಾರ್ಡಿನ ಹೊರಗೆ ಗೋಡೆಗೊರಗಿ ನಿಂತಿದ್ದಳು. ಗೈಡು ಹೊರಟವನು ನಿಂತ.

"ಒಂದು ಮಾತು ಕೇಳ್ಲಾ ಡಾಕ್ಟ್ರೇ?" ಎಂದಳು. ಇವನಿಗೆ ಇನ್ನೂ ಯಾರೂ ಡಾಕ್ಟ್ರೇ ಅಂದಿರಲಿಲ್ಲ. "ಊರಾಚೆ ಒಂದು ಆರೈಕೆ ಮನೆಯಿದೆ, ಇಂಥವರನ್ನೇ ನೋಡ್ಕೊಳ್ಳೋದು. ಹೆಸರು ಕೊಟ್ಟು ಕಾದೂ ಕಾದೂ ಈಗ ಒಂದು ಹಾಸಿಗೆ ಖಾಲಿಯಾಗಿದೆಯಂತೆ. ಶನಿವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಉಹೂಂ ಅಂದ್ರೆ ಮುಂದಿನವರಿಗೆ ಹೋಗುತ್ತೆ. ಹೂಂ ಅಂದ್ರೆ..." ಅವಳು ಕೈಚೀಲದ ಹಿಡಿಯನ್ನು ಸುತ್ತುತ್ತಾ ನಿಂತಳು. "ಹೂಂ ಅಂದ್ರೆ ನನ್ನ ಕೈಯಾರೆ ಅಪ್ಪನ್ನ ಬಿಟ್ಟುಬಂದ ಹಾಗೆ. ಮನೇಗೆ ಕರ್ಕೊಂಡು ಹೋಗೋಣ ಅಂದ್ರೆ ಮತ್ತೆ ಯಾರ ಕಾರಲ್ಲಿ ಕೂರ್ತಾರೋ. ಸ್ವಲ್ಪನಾದ್ರೂ ಗುಣ ಕಾಣ್ತಿದೆಯಾ? ಸ್ವಲ್ಪ ಇದ್ರೂ ಸಾಕು, ನಾನು ನೋಡ್ಕೋತೀನಿ."

ವಾರ್ಡು ನೋಡಿಕೊಳ್ಳುವ ಪ್ರೊಫೆಸರಮ್ಮನನ್ನು ಕೇಳಿ ಎಂದುಬಿಡಬೇಕಿತ್ತು. ಅದು ನಿಯಮ, ಮರ್ಯಾದೆ, ಬುದ್ಧಿವಂತಿಕೆ ಎಲ್ಲವೂ. ಆದರೆ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಅವಳಿಗೆ ಕೇಳಬೇಕಿತ್ತು, ಇವನಿಗೆ ಹೇಳಬೇಕಿತ್ತು.

"ಗುಣ ಕಾಣ್ತಿದೆ," ಎಂದ. "ಅಂಕ ಏರಿದೆ. ಮೊದಲು ಏನೂ ನೆನಪಿರ್ತಿರಲಿಲ್ಲ, ಈಗ ಹೇಳಿದ್ದೆಲ್ಲಾ ನೆನಪಿಟ್ಕೋತಾರೆ."

ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಕಣ್ಣು ತುಂಬಿತು. "ನಿಮ್ಮ ಹೊಟ್ಟೆ ತಣ್ಣಗಿರ್ಲಿ," ಎಂದಳು. ಗೈಡು ಅಂದು ಹಾಸ್ಟೆಲ್ಲಿಗೆ ಬಳಸುದಾರಿಯಲ್ಲಿ, ನಿಧಾನವಾಗಿ ನಡೆದು ಹೋದ. ಸಂತೋಷವನ್ನು ಹೇಳಿಕೊಳ್ಳಲು ಯಾರೂ ಇಲ್ಲದವನು ಅದನ್ನು ನಡೆದೇ ಕರಗಿಸಬೇಕು.

ಭಾನುವಾರ ರಜೆಯಾದರೂ ಅವನು ವಾರ್ಡಿಗೆ ಬಂದ. ಮಗಳು ಅವನಿಗಿಂತ ಮೊದಲೇ ಬಂದಿದ್ದಳು. ಉಗುರಿನ ಸಂದಿಯಲ್ಲಿ ತಿಳಿನೀಲಿ ಬಣ್ಣ ಮೆತ್ತಿತ್ತು. ಅಪ್ಪನ ಕೋಣೆಗೆ ತಾನೇ ಸುಣ್ಣ ಬಣ್ಣ ಮಾಡುತ್ತಿದ್ದೇನೆ, ಬಾಗಿಲಿಗೆ ಹೊಸ ಚಿಲಕ ಹಾಕಿಸಿದ್ದೇನೆ, ಬಚ್ಚಲಲ್ಲಿ ಜಾರದ ಹಾಗೆ ಚಾಪೆ ಹಾಸಿದ್ದೇನೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದಳು. ಆರೈಕೆ ಮನೆಗೆ ನಿನ್ನೆ ಬೆಳಿಗ್ಗೆಯೇ ಫೋನ್ ಮಾಡಿ ಬೇಡ ಅಂದಾಯ್ತಂತೆ. ಇಷ್ಟು ಹಗುರಾಗಿ ಅವಳು ಮಾತಾಡಿದ್ದನ್ನು ಗೈಡು ಕಂಡಿರಲಿಲ್ಲ. ಅವಳು ಸ್ಟೂಲನ್ನು ಎಳೆದು ಅಪ್ಪನ ಎದುರಿಗೆ ಕೂತು, ಅವರ ಎರಡೂ ಕೈ ಹಿಡಿದುಕೊಂಡಳು.

"ಅಪ್ಪಾ, ನನ್ನ ನೋಡಿ. ನಾನು ಯಾರು, ಹೇಳಿ?"

ಮೇಷ್ಟ್ರು ಅವಳನ್ನು ನೋಡಿದರು. ಬೆನ್ನು ನೆಟ್ಟಗೆ ಮಾಡಿಕೊಂಡರು. ಗಂಟಲು ಸರಿಪಡಿಸಿಕೊಂಡು, ಒಂದೊಂದನ್ನೂ ಬಿಡಿಸಿ ಹೇಳಿದರು:

"ಕೊಡೆ. ಚಮಚ. ಗಂಟೆ."

ಹೇಳಿ, ಗೈಡಿನ ಕಡೆ ತಿರುಗಿದರು.

ಮಗಳಿಗೆ ಮೊದಲು ನಗು ಬಂತು. "ಏನಪ್ಪಾ ಅದು, ಕೊಡೆ ಚಮಚ?" ಎಂದಳು. ಗೈಡಿಗೆ ಮಾತ್ರ ಅರ್ಥವಾಯಿತು. ಇವನ ತಂಡ, ಅದರ ಹಿಂದಿನ ತಂಡ, ಅದಕ್ಕೂ ಹಿಂದಿನದು, ಎಷ್ಟು ತಿಂಗಳಿಂದ ಎಷ್ಟು ಜನ ಈ ಹಾಸಿಗೆಯ ಪಕ್ಕ ಕೂತು ಇದೇ ಮೂರು ಪದ ಹೇಳಿಕೊಟ್ಟು, ಇದೇ ಮೂರು ಪದ ಕೇಳಿ, ವೆರಿ ಗುಡ್ ಅಂದು ಹೋಗಿದ್ದರೋ. ಮೇಷ್ಟ್ರು ಚೇತರಿಸಿಕೊಂಡಿರಲಿಲ್ಲ. ಎದುರಿಗೆ ಕೂತವರು ಮುಖ ನೋಡಿ ಏನಾದರೂ ಕೇಳಿದರೆ ಹೀಗನ್ನಬೇಕು, ಹೀಗಂದರೆ ಅವರಿಗೆ ಖುಷಿಯಾಗುತ್ತದೆ ಎಂಬಷ್ಟನ್ನು ಕಲಿತಿದ್ದರು. ಕಲ್ಲಿಗೂ ನೀರು ಬಿದ್ದು ಬಿದ್ದು ಗುರುತಾಗುತ್ತದೆ. ಗುರುತಾದದ್ದು ಅದೊಂದೇ.

ಇವನಿಂದ ವೆರಿ ಗುಡ್ ಬರದೆ ಮೇಷ್ಟ್ರ ಮುಖ ಬಾಡಿತು. ತಪ್ಪಾಯಿತೇನೋ ಎಂದು ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದರು. "ಕೊಡೆ, ಚಮಚ, ಗಂಟೆ."

"ವೆರಿ ಗುಡ್, ಮೇಷ್ಟ್ರೇ," ಎಂದ ಗೈಡು. ಇನ್ನೇನು ಅನ್ನುವುದು? ಅವರು ನಿರಾಳವಾಗಿ ಹಿಂದಕ್ಕೊರಗಿದರು.

ಮಗಳು ಹೊರಟು ಮೆಟ್ಟಿಲಿಳಿದ ಮೇಲೆ ಮೇಷ್ಟ್ರ ಪಕ್ಕ ಕೂತು, ಬೇರೆ ಮೂರು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದ. ಹಳೆಯವೇ ಬಂದವು. ಮತ್ತೆ ಕೇಳಲಿಲ್ಲ, ಎದ್ದು ಓಡಿದ.

ಅವಳು ಆಸ್ಪತ್ರೆಯ ಎದುರಿನ ಬಸ್ ಸ್ಟಾಪಿನಲ್ಲಿ ನಿಂತಿದ್ದಳು. ಪಕ್ಕದಲ್ಲಿ ಒಬ್ಬ ಹೆಂಗಸು ಹೂಕೋಸಿನ ಚೀಲ ಹಿಡಿದು ನಿಂತಿದ್ದಳು. ಆ ಹೆಂಗಸಿನ ಎದುರಿಗೇ, ಅವಳಿಗೂ ಕೇಳುವಂತೆ, ಏದುಸಿರು ಬಿಡುತ್ತಾ ಗೈಡು ಎಲ್ಲವನ್ನೂ ಹೇಳಿದ. ಮೂರು ಪದ ಯಾವುದಕ್ಕೆ, ಯಾರು ಹೇಳಿಕೊಟ್ಟದ್ದು, ತಾನು ಏನೆಂದು ತಿಳಿದುಕೊಂಡೆ, ಹೇಳಬಾರದ್ದನ್ನು ಯಾಕೆ ಹೇಳಿದೆ. ಯಾಕೆ ಎಂಬುದನ್ನು ಮಾತ್ರ ಸರಿಯಾಗಿ ಹೇಳಲಾಗಲಿಲ್ಲ.

"ಅಂದ್ರೆ ಅಪ್ಪಂಗೆ ನಾನು ಯಾರು ಅಂತ ಗೊತ್ತಿಲ್ಲ," ಎಂದಳು ಅವಳು.

"ಗೊತ್ತಿಲ್ಲ."

"ನಿಮ್ಮ ಪದ ಗೊತ್ತು."

"ಹೂಂ."

ಅವಳ ಬಸ್ಸು ಬಂತು, ನಿಂತು, ಹೋಯಿತು. ಹೂಕೋಸಿನ ಹೆಂಗಸು ಹತ್ತುವಾಗ ತಿರುಗಿ ಇವನನ್ನು ಒಂದು ಸಲ ಕೆಕ್ಕರಿಸಿ ನೋಡಿದಳು. ಮಗಳು ಉಗುರಿನ ಬಣ್ಣವನ್ನು ಕೆರೆಯುತ್ತಾ ನಿಂತಿದ್ದಳು.

"ಎಷ್ಟು ಖುಷಿಯಿಂದ ಬೇಡ ಅಂದೆ ಗೊತ್ತಾ ಅವರಿಗೆ. ಆ ಮ್ಯಾನೇಜರಮ್ಮನಿಗೆ, ನಿಮಗೂ ಒಳ್ಳೇದಾಗ್ಲಿ ಅಂದೆ."

"ಈಗ ಮತ್ತೆ ಫೋನ್ ಮಾಡಿ ನೋಡಿ. ಬೇಕಾದ್ರೆ ನಾನೇ ಮಾತಾಡ್ತೀನಿ, ನನ್ನ ತಪ್ಪು ಅಂತೀನಿ."

ಅವಳು ಫೋನ್ ಮಾಡಿದಳು. ಹಾಸಿಗೆ ನಿನ್ನೆ ಮಧ್ಯಾಹ್ನವೇ ಬೇರೆಯವರಿಗೆ ಹೋಗಿತ್ತು. ಮತ್ತೆ ಹೆಸರು ಬರೆಸಿ, ಕಾಯಿರಿ ಎಂದರು. ಆಡಿದ ಮಾತು, ಒಡೆದ ಮುತ್ತು. ಯಾರು ಆಯುವುದು ಅದನ್ನು.

"ಬೈದುಬಿಡಿ ನನ್ನ," ಎಂದ ಗೈಡು. ಬೈಸಿಕೊಂಡರೆ ಎಷ್ಟೋ ಹಗುರಾಗುತ್ತಿತ್ತು ಅವನಿಗೆ.

"ಬೈಯೋಕೂ ಶಕ್ತಿ ಬೇಕಲ್ಲ," ಎಂದಳು. ಮುಂದಿನ ಬಸ್ಸಿಗೆ ಹತ್ತಿ ಹೋದಳು.

ಮರುದಿನ ಗೈಡು ಪ್ರೊಫೆಸರಮ್ಮನ ಕೋಣೆಗೆ ಹೋಗಿ ಇದನ್ನೆಲ್ಲ ಹೇಳಿದ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಮೇಷ್ಟ್ರ ಮಗಳನ್ನು ಕರೆಸಿ ತಾವೇ ಕ್ಷಮೆ ಕೇಳುತ್ತೇನೆ ಎಂದರು, ಕೇಳಿದರೂ ಕೂಡ. "ಮುಂದಿನ ತಂಡಕ್ಕೆ ಪದಗಳನ್ನ ಬದಲಾಯಿಸಿ," ಎಂದು ಸಹಾಯಕರಿಗೆ ಹೇಳಿದರು. ಇಡೀ ಪ್ರಸಂಗದಿಂದ ವಿಭಾಗ ಕಲಿತದ್ದು ಅಷ್ಟು. ಸುದ್ದಿ ತಂಡಕ್ಕೂ ಮುಟ್ಟಿತು. "ನಾನು ಮೊದಲೇ ಹೇಳಿದ್ನಲ್ಲ ಮಗಾ," ಎಂದ ಉದ್ದಣ್ಣ, "ಆ ವಾರ್ಡಲ್ಲಿ ಜಾಸ್ತಿ ಕೂರ್ಬಾರ್ದು."

ತಿಂಗಳು ಮುಗಿಯಿತು. ಮಗಳು ಅಪ್ಪನನ್ನು ಮನೆಗೆ ಕರೆದುಕೊಂಡು ಹೋಗಲು ಬಂದ ದಿನ ಗೈಡು ಗಾಲಿಕುರ್ಚಿಯನ್ನು ಗೇಟಿನವರೆಗೆ ತಳ್ಳಿದ. ದಾರಿಯುದ್ದಕ್ಕೂ ಮೇಷ್ಟ್ರು ಬ್ರೇಕು ಒತ್ತುತ್ತಲೇ ಇದ್ದರು. ಟ್ಯಾಕ್ಸಿಯಲ್ಲಿ ಅವರನ್ನು ಕೂರಿಸಿ ಬಾಗಿಲು ಹಾಕಿದ ಮೇಲೆ ಮಗಳು ಇವನ ಕಡೆ ಬಂದಳು.

"ವಾರದ ದಿನ ಕೆಳಗಿನ ಮನೆಯ ಅಕ್ಕ ನೋಡ್ಕೋತೀನಿ ಅಂದಿದ್ದಾರೆ. ಶನಿವಾರ ಅವರಿಗಾಗಲ್ಲ. ನಂಗೆ ಅವತ್ತೇ ಅಂಗಡೀಲಿ ಜನ ಜಾಸ್ತಿ. ಶನಿವಾರ ಮಧ್ಯಾಹ್ನದ ಮೇಲೆ ನೀವು ಬಂದು ಕೂರ್ತೀರಾ?" ದನಿಯಲ್ಲಿ ಸಿಟ್ಟೂ ಇರಲಿಲ್ಲ, ಸ್ನೇಹವೂ ಇರಲಿಲ್ಲ. ಕೇಳುವುದಕ್ಕೆ ಬೇರೆ ಯಾರೂ ಇರಲಿಲ್ಲ, ಅಷ್ಟೇ. "ಬರ್ದಿದ್ರೆ ಬೇಜಾರಿಲ್ಲ. ಅಪ್ಪನ ಹತ್ರ ಕಲಿತವರು ಯಾರೂ ತಿರುಗಿ ಬಂದಿಲ್ಲ. ಲೈಸೆನ್ಸ್ ಕೈಗೆ ಬಂದ್ರೆ ಒಂದು ಸಿಹಿ ಡಬ್ಬಿ ಕೊಟ್ಟು ಹೋಗೋರು. ಅಪ್ಪ ಅನ್ನೋರು, ತಿರುಗಿ ಬರ್ಲಿಲ್ಲ ಅಂದ್ರೆ ಚೆನ್ನಾಗಿ ಕಲಿತಿದ್ದಾನೆ ಅಂತ ಅರ್ಥ ಅಂತ."

ಬರ್ತೀನಿ ಎಂದ. ಅಂದವನಿಗೆ ಶನಿವಾರ ಬೆಳಿಗ್ಗೆಯಿಂದ ಕಾಲಿಗೆ ಬುದ್ಧಿ ಹೇಳುವ ಯೋಚನೆಯೇ. ಸರ್ಜರಿಯ ಪಾಠ ಬಾಕಿಯಿದೆ, ತಲೆನೋವಿದೆ, ಬಸ್ಸು ಸಿಗಲಿಲ್ಲ ಅಂದರಾಯಿತು. ತಾನು ಹಾಳು ಮಾಡಿದ್ದನ್ನು ಹತ್ತಿರದಿಂದ ನೋಡಲು ಯಾರಿಗೆ ತಾನೇ ಇಷ್ಟ. ಆದರೂ ಮಧ್ಯಾಹ್ನ ಅವನು ಅವರ ಮನೆಯಿದ್ದ ಕಟ್ಟಡದ ಮೂರನೆಯ ಮಹಡಿ ಹತ್ತಿ ಬಾಗಿಲು ತಟ್ಟಿದ. ಹೋದದ್ದು ಧೈರ್ಯದಿಂದಲ್ಲ. ಹಾಸ್ಟೆಲ್ಲಿನಲ್ಲಿ ಆ ಮಧ್ಯಾಹ್ನವನ್ನು ಕಳೆಯುವುದು ಇದಕ್ಕಿಂತ ಕಷ್ಟವಾಗಿತ್ತು.

ಮಗಳು ಚಿಲಕ ತೋರಿಸಿದಳು, ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಬಿಸ್ಕತ್ತು, ಕಪಾಟಿನ ಮೇಲೆ ಮಾತ್ರೆ. ಹೋದಳು. ತಿಳಿನೀಲಿ ಗೋಡೆಯ ಕೋಣೆಯಲ್ಲಿ ಬಣ್ಣದ ವಾಸನೆ ಇನ್ನೂ ಇತ್ತು. ಒಂದು ಗೋಡೆ ಅರ್ಧಕ್ಕೇ ನಿಂತಿತ್ತು. ಮೇಷ್ಟ್ರು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತು ಕೆಳಗೆ ರಸ್ತೆಯ ಕಾರುಗಳನ್ನು ನೋಡುತ್ತಿದ್ದರು. ಇವನು ಬಂದದ್ದಕ್ಕೆ ಮುಖ ಅರಳಲಿಲ್ಲ. ಬಾ, ಕೂತ್ಕೋ ಎನ್ನಲಿಲ್ಲ.

ಗೈಡು ಮಂಚದ ತುದಿಯಲ್ಲಿ ಕೂತ. ಕೂತ ಮೇಲೆ ಅವನಿಗೆ ತಿಳಿಯಿತು, ಈ ಮನುಷ್ಯನ ಜೊತೆ ಏನು ಮಾತಾಡಬೇಕೆಂಬುದೇ ತನಗೆ ಗೊತ್ತಿಲ್ಲ. ಒಂದು ತಿಂಗಳು ದಿನಾ ಪಕ್ಕ ಕೂತಿದ್ದ. ಆಡಿದ್ದೆಲ್ಲ ಪ್ರಶ್ನೆ, ಅದೂ ಉತ್ತರ ಮೊದಲೇ ತನ್ನ ಕೈಯಲ್ಲಿದ್ದ ಪ್ರಶ್ನೆ. ಪೆನ್ನು ತೋರಿಸಿ ಇದೇನು ಎಂದು ಕೇಳುವುದು ಮಾತಾಡುವುದಲ್ಲ. ಈಗ ಕೇಳುವುದಕ್ಕೆ ಬಾಯಿ ಬರಲಿಲ್ಲ, ಕೇಳದೆ ಇರುವುದು ಹೇಗೆಂದು ಗೊತ್ತಿರಲಿಲ್ಲ. ಚಹಾ ಬಗ್ಗಿಸಿ ಕೊಟ್ಟ. ಅವರು ಕುಡಿದರು. ಲೋಟ ತೊಳೆದಿಟ್ಟ. ಕೆಳಗೆ ಯಾರೋ ಕಾರನ್ನು ಹಿಂದೆ ಮುಂದೆ ಮಾಡಿ ಕಷ್ಟಪಟ್ಟು ನಿಲ್ಲಿಸುತ್ತಿದ್ದರು. ಇಬ್ಬರೂ ಅದನ್ನು ನೋಡಿದರು.

ಬಿಸಿಲು ಗೋಡೆಯ ಮೇಲೆ ಸರಿದ ಮೇಲೆ ಮೇಷ್ಟ್ರು ಇವನ ಕಡೆ ತಿರುಗಿದರು. ಬಹಳ ಹೊತ್ತು ನೋಡಿದರು. ಈಗ ಆ ಮೂರು ಪದ ಬರುತ್ತವೆ ಎಂದುಕೊಂಡ ಗೈಡು. ಬರಲಿಲ್ಲ.

"ಹೊತ್ತಾಯ್ತಲ್ಲಪ್ಪಾ," ಎಂದರು. "ಮನೇಗೆ ಹೋಗಲ್ವಾ? ಮನೇಲಿ ಕಾಯ್ತಿರ್ತಾರಲ್ವಾ ನಿನ್ನ?"

ಹೂಂ ಕಾಯ್ತಿರ್ತಾರೆ, ಹೋಗ್ತೀನಿ, ಎಂದು ಬಾಯಿಗೆ ಬಂತು. ಯಾರು ಕೇಳಿದರೂ ಜನ ಹಾಗೇ ಅಲ್ಲವೇ ಅನ್ನುವುದು. ಆದರೆ ಇವರಿಗೆ ಇನ್ನೊಂದು ಸುಳ್ಳು ಹೇಳುವುದು ಬೇಡವೆನಿಸಿತು.

"ಇಲ್ಲ ಮೇಷ್ಟ್ರೇ. ಯಾರೂ ಕಾಯ್ತಿಲ್ಲ."

"ಯಾರೂ?"

"ಯಾರೂ ಇಲ್ಲ."

ಮೇಷ್ಟ್ರ ಹುಬ್ಬು ಕೂಡಿಕೊಂಡಿತು. ನಿಜವಾಗಿ ನೊಂದವರ ಮುಖ ಅದು. "ಅಯ್ಯೋ ಪಾಪ," ಎಂದರು ಮೆಲ್ಲಗೆ. "ಹಾಗಾದ್ರೆ ಇಲ್ಲೇ ಕೂತಿರು." ಕೈ ಚಾಚಿ ಅವನ ಮೊಣಕಾಲನ್ನು ತಟ್ಟಿ, ಮತ್ತೆ ಕಿಟಕಿಯ ಕಡೆ ತಿರುಗಿದರು.

ಸ್ವಲ್ಪ ಹೊತ್ತಿಗೆ ಮತ್ತೆ ಇವನನ್ನು ನೋಡಿದರು, ಮೊದಲ ಸಲ ನೋಡುವ ಹಾಗೆ. "ಹೊತ್ತಾಯ್ತಲ್ಲಪ್ಪಾ. ಮನೇಲಿ ಕಾಯ್ತಿರ್ತಾರಲ್ವಾ ನಿನ್ನ?"

ಮೊದಲ ಸಲ ಅವನು ಹೇಗೋ ಹೇಳಿಬಿಟ್ಟಿದ್ದ. ಎರಡನೆಯ ಸಲ ಕಿಟಕಿಯ ಕಡೆ ನೋಡುತ್ತಾ ಹೇಳಿದ. ಮೂರನೆಯ ಸಲ ಸಿಟ್ಟು ಬಂತು, ಈ ಮುದುಕನಿಗೆ ಬೇರೆ ಪ್ರಶ್ನೆಯೇ ಇಲ್ಲವೇ ಎಂದು. ಆದರೆ ಪ್ರತಿ ಸಲವೂ ಅವರಿಗೆ ಅದು ಹೊಸ ಸುದ್ದಿ. ಪ್ರತಿ ಸಲವೂ ಹುಬ್ಬು ಕೂಡಿಕೊಳ್ಳುತ್ತಿತ್ತು, ಪ್ರತಿ ಸಲವೂ ಅಯ್ಯೋ ಪಾಪ ಎನ್ನುತ್ತಿದ್ದರು, ಅದು ಒಂದು ಸಲವೂ ಬಾಯಿಪಾಠದಂತೆ ಕೇಳಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಒಂದು ಸಲವೂ ಕೇಳದಿದ್ದುದನ್ನು ಈ ಮನುಷ್ಯ ಒಂದೇ ಮಧ್ಯಾಹ್ನ ಮತ್ತೆ ಮತ್ತೆ ಕೇಳುತ್ತಿದ್ದರು, ಮತ್ತೆ ಮತ್ತೆ ಮರುಗುತ್ತಿದ್ದರು. ಯಾವಾಗಲೋ ಒಮ್ಮೆ ಯಾರೂ ಇಲ್ಲ ಅನ್ನುವಷ್ಟರಲ್ಲಿ ಗೈಡಿಗೆ ಅಳು ಬಂದುಬಿಟ್ಟಿತು. ಮೇಷ್ಟ್ರು ನೋಡುತ್ತಾ ಕೂತಿದ್ದರು. ಅವನು ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡಾಗ ಅವರು ಅದನ್ನೂ ಮರೆತಿದ್ದರು.

ಬೀದಿಯ ದೀಪ ಹತ್ತಿತು. ಮೇಷ್ಟ್ರು ಕಾರುಗಳನ್ನು ನೋಡುತ್ತಿದ್ದರು, ಈ ಕಡೆ ತಿರುಗಿರಲಿಲ್ಲ. ಗೈಡು ಮಂಚದಿಂದ ಎದ್ದು, ಸ್ಟೂಲನ್ನು ಅವರ ಕುರ್ಚಿಯ ಹತ್ತಿರಕ್ಕೆ ಎಳೆದುಕೊಂಡು, ಅವರು ತಿರುಗಿದರೆ ಮೊದಲು ಕಣ್ಣಿಗೆ ಬೀಳುವ ಹಾಗೆ ಕೂತ. ಕೆಳಗೆ ಮೆಟ್ಟಿಲ ಮೇಲೆ ಮಗಳ ಚಪ್ಪಲಿಯ ಸದ್ದು ಕೇಳಿಸಿತು. ಅವಳು ಇನ್ನೊಂದಿಷ್ಟು ತಡವಾಗಿ ಬಂದಿದ್ದರೆ ಚೆನ್ನಾಗಿತ್ತು ಎಂದುಕೊಂಡ.